ಓಓಡಿ ಮೇಲೆ ಹೈದರಾಬಾದ್: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ತಮಗೆ ‘ಸೇವಾನಿರತ ತರಬೇತಿ, ಹೈದರಾಬಾದ್ ಮಾದರಿ’ ಮಂಜೂರಾಗಿದೆ. ಬಳಸುವ ಮುನ್ನ ಈ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಳ್ಳಿ. ಪುರುಸೊತ್ತಿಲ್ಲದಿದ್ದರೆ ಓದಿದ್ದೇನೆ ಎಂದು ಸಹಿ ಹಾಕಿ ಕಳಿಸಿ. ಕಡತದಲ್ಲಿ ಎರಡಕ್ಕೂ ಒಂದೇ ತೂಕ.

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಹೊರಡುವ ಸರ್ಕಾರಿ ಶಾಲೆಯ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಮಂಡ್ಯ, ಹಾಸನದವರೂ ಬಳಸಬಹುದು. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬದಲು ಏನು ಕಟ್ಟಿಕೊಳ್ಳಬೇಕೆಂಬುದನ್ನು ಅವರೇ ತೀರ್ಮಾನಿಸಲಿ.

ಉಪಕರಣದ ಪರಿಚಯ

ಹೈದರಾಬಾದಿನಲ್ಲಿ ನಮ್ಮ ಮೇಷ್ಟರುಗಳಿಗೆ ಒದಗಿ ಬಂದ ಮಾದರಿಗಳಲ್ಲಿ ಎರಡು ಮುಖ್ಯ. ಒಂದು ಮಾದಾಪುರದಲ್ಲಿದೆ: ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಶಿಕ್ಷಕರ ಬಾಯಲ್ಲಿ ಸಿಸಿಆರ್‌ಟಿ. 1979ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಶುರುವಾದ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದು. ಕಟ್ಟಿದವರು ಇಬ್ಬರು ಹೆಂಗಸರು, ಕಪಿಲಾ ವಾತ್ಸ್ಯಾಯನ ಮತ್ತು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ನೇಕಾರರು, ಕುಂಬಾರರು, ಗೊಂಬೆಯಾಟದವರನ್ನು ಹುಡುಕುತ್ತ ದೇಶ ಸುತ್ತಿದ ಕಮಲಾದೇವಿ ಕೈಯಿಟ್ಟ ಸಂಸ್ಥೆಯಾದ್ದರಿಂದ ಇಲ್ಲಿ ಶಿಕ್ಷಕರಿಗೆ ಕತ್ತರಿ, ಅಂಟು, ಜೇಡಿಮಣ್ಣು ಕೊಡುತ್ತಾರೆ. ಸುತ್ತ ಗಾಜಿನ ಐಟಿ ಕಟ್ಟಡಗಳು. ಅಲ್ಲಿ ಕೆಲಸ ಮಾಡುವ ಹುಡುಗರ ಒಂದು ತಿಂಗಳ ಸಂಬಳವನ್ನು ಮನಸ್ಸಿನಲ್ಲೇ ನಿಮ್ಮದರಿಂದ ಭಾಗಿಸಲು ಹೋಗಬೇಡಿ. ತರಬೇತಿಯ ಏಕಾಗ್ರತೆಗೆ ಭಂಗ ಬರುತ್ತದೆ.

ಎರಡನೆಯದು ಹಳೆಯ ಇಂಗ್ಲಿಷ್ ಮಾದರಿ. ದೇಶದ ಇಂಗ್ಲಿಷ್ ಮೇಷ್ಟರುಗಳನ್ನು ತಿದ್ದಲೆಂದು 1958ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ತೆರೆದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್. 1972ರಲ್ಲಿ ಸೀಫಲ್, 2007ರಿಂದ ಇಫ್ಲು ವಿಶ್ವವಿದ್ಯಾಲಯ. ಅದರ ಶುರುವಿನ ವರ್ಷಗಳಲ್ಲಿ ನಿರ್ದೇಶಕರ ಕುರ್ಚಿಯಲ್ಲಿದ್ದವರು ವಿ. ಕೃ. ಗೋಕಾಕರು. ನಾನಾ ರಾಜ್ಯಗಳಿಂದ ಬಂದ ಇಂಗ್ಲಿಷ್ ಶಿಕ್ಷಕರಿಗೆ ಅಲ್ಲಿ ತರಬೇತಿ ಕೊಡಿಸಿದ ಇದೇ ಗೋಕಾಕರು 1981ರಲ್ಲಿ ಕೊಟ್ಟ ವರದಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು, ಅದರ ಹಿಂದೆ ಡಾ. ರಾಜ್‌ಕುಮಾರ್ ಬೀದಿಗಿಳಿದರು. ಇದರಲ್ಲಿ ವಿರೋಧವೇನೂ ಇಲ್ಲ. ಇಂಗ್ಲಿಷ್ ಕಲಿಸುವುದು ಎಷ್ಟು ಕಷ್ಟ ಎಂದು ಹತ್ತಿರದಿಂದ ಕಂಡವರಿಗೇ ತಾಯಿನುಡಿಯ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಪೆಟ್ಟಿಗೆ ತೆರೆಯುವುದು

ಉಪಕರಣ ವಾಟ್ಸ್ಆ್ಯಪ್ ಮೂಲಕ ಬರುತ್ತದೆ. ಬೆಂಗಳೂರಿನ ಡಿಎಸ್‌ಇಆರ್‌ಟಿಯಿಂದ ಉಪನಿರ್ದೇಶಕರಿಗೆ, ಅಲ್ಲಿಂದ ಬಿಇಒ ಕಚೇರಿಗೆ, ಅಲ್ಲಿಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ), ಸಿಆರ್‌ಪಿಯಿಂದ ಮುಖ್ಯಗುರುಗಳಿಗೆ. ಪ್ರತಿಯೊಬ್ಬರೂ ಒಂದೊಂದು ದಿನ ಇಟ್ಟುಕೊಂಡು ಮುಂದಕ್ಕೆ ತಳ್ಳುವುದರಿಂದ ನಿಮ್ಮ ಕೈಗೆ ಬರುವಾಗ ಆದೇಶ ಬಿಸಿಯಾಗಿರುತ್ತದೆ.

“ಮೇಡಂ, ಲಿಸ್ಟಿನ್ಯಾಗ ನಿಮ್ಮ ಹೆಸರು ಬಂದದ ನೋಡ್ರಿ. ನಾಡಿದ್ದೇ ಹಾಜರಾಗಬೇಕಂತ.”

“ಸರ್, ಮನಿಯಾಗ ಒಂದು ಮಾತು ಕೇಳಿ ಹೇಳ್ತೀನ್ರಿ.”

“ಕೇಳೋದೇನದ್ರಿ ಅದ್ರಾಗ? ಮ್ಯಾಲಿಂದ ಬಂದದ.”

ಮನೆಯಲ್ಲಿ ಕೇಳುವುದಕ್ಕೆ ಕಾರಣವಿದೆ. ವಾರಗಟ್ಟಲೆ ಪರವೂರಲ್ಲಿ ಇರಬೇಕು. ಗಂಡಸು ಶಿಕ್ಷಕರಾದರೆ ಬ್ಯಾಗಿಗೆ ಎರಡು ಪ್ಯಾಂಟು ತುರುಕಿ ಎದ್ದು ಹೋಗುತ್ತಾರೆ. ಹೆಣ್ಣುಮಕ್ಕಳು ಮೊದಲು ಅತ್ತೆಯ ಗುಳಿಗೆ, ಮಗನ ಟ್ಯೂಷನ್, ಗ್ಯಾಸ್ ಸಿಲಿಂಡರ್ ಇವನ್ನೆಲ್ಲ ಬೇರೆಯವರಿಗೆ ವಹಿಸಿಕೊಡಬೇಕು. ಆ ಚಾರ್ಜ್ ಲಿಸ್ಟಿಗೆ ಯಾವ ನಮೂನೆಯೂ ಇಲ್ಲ. ಹೀಗಾಗಿಯೇ ಹೆಸರು ಬಂದವರು ಹೋಗುವುದಿಲ್ಲ, ಹೋಗಬೇಕು ಅನ್ನುವವರ ಹೆಸರು ಬರುವುದಿಲ್ಲ. ಕೊನೆಗೆ ಹೊರಡುವುದು ಯಾರೆಂದರೆ, ಅಂದು ಫೋನ್ ಎತ್ತಿದವರು.

ಶಾಲೆಯ ಚಾರ್ಜ್ ಬೇರೆ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಪಾಸ್‌ವರ್ಡ್, ನೀವು ಬಿಎಲ್‌ಒ ಆಗಿದ್ದರೆ ಮತದಾರರ ಪಟ್ಟಿ, ಎಲ್ಲ ಕೊಟ್ಟು ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಓಓಡಿ (ಅನ್ಯ ಕಾರ್ಯ ನಿಮಿತ್ತ) ಎಂದು ಬರೆಸಿಕೊಳ್ಳಿ. ಮಕ್ಕಳನ್ನು ಯಾರಿಗೆ ವಹಿಸಬೇಕೆಂಬ ಕಾಲಂ ನಮೂನೆಯಲ್ಲಿಲ್ಲ.

ಎಚ್ಚರಿಕೆ: ಏಕೋಪಾಧ್ಯಾಯ ಶಾಲೆಯಲ್ಲಿ ಈ ಉಪಕರಣ ಚಾಲೂ ಮಾಡಿದರೆ ಶಾಲೆ ತಾನಾಗಿಯೇ ಬಂದ್ ಆಗುತ್ತದೆ. ಪಕ್ಕದ ಊರಿನಿಂದ ಒಬ್ಬರನ್ನು ನಿಯೋಜಿಸಿದರೆ ಆ ಊರಿನ ಶಾಲೆ ಅರ್ಧ ಬಂದ್ ಆಗುತ್ತದೆ. ಅಡುಗೆಯವರೇ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸಿದ ಉದಾಹರಣೆಗಳಿವೆ. ಅವರಿಗೂ ಒಂದು ತರಬೇತಿ ಇಡಬಹುದು.

ಅಳವಡಿಕೆ

ಬೀದರಿನವರು ಜಹೀರಾಬಾದ್ ಮೇಲೆ ಬಸ್ಸಿನಲ್ಲಿ, ರಾಯಚೂರಿನವರು ಮಹಬೂಬ್‌ನಗರದ ಮೇಲೆ, ಬೆಂಗಳೂರಿನವರು ರಾತ್ರಿ ರೈಲಿನಲ್ಲಿ ಬಂದು ಕಾಚಿಗುಡದಲ್ಲಿ ಇಳಿಯಿರಿ. ಎಂಜಿಬಿಎಸ್ ಬಸ್ ನಿಲ್ದಾಣದಿಂದ ಮೆಟ್ರೊ ಹಿಡಿದು ಅಮೀರ್‌ಪೇಟೆಯಲ್ಲಿ ಬದಲಿಸಿದರೆ ಹೈಟೆಕ್ ಸಿಟಿ. ಟಿಕೆಟ್ ಜೋಪಾನ. ಟಿ.ಎ. ಬಿಲ್ಲಿಗೆ ಬೇಕಾಗುವುದು ಟಿಕೆಟ್ಟೇ ಹೊರತು ಪ್ರಯಾಣವಲ್ಲ.

ಭಾಷೆ ಆಯ್ಕೆ

ಉಪಕರಣ ಓಡುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡದ ಗುಂಡಿಯನ್ನು ಹುಡುಕಬೇಡಿ. ಹಳೇ ಮೈಸೂರಿನವರು ಮೊದಲ ಎರಡು ದಿನ ನಗುತ್ತ ತಲೆಯಾಡಿಸಿ ಕಾಲ ಹಾಕುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಆ ಕಷ್ಟವಿಲ್ಲ. ಆಟೋದವನ ಜೊತೆ ‘ನಕ್ಕೋ’, ‘ಹೌ’, ‘ಕೈಕೂ’ ಎಂದು ದಖನಿಯಲ್ಲೇ ಚೌಕಾಸಿ ಮಾಡಿ ಬರುತ್ತಾರೆ. ಅವರ ಮುತ್ಯಾಗಳಿಗೆ ಹೈದರಾಬಾದ್ ಪರವೂರೇ ಆಗಿರಲಿಲ್ಲ, 1956ರ ನವೆಂಬರ್ 1ರವರೆಗೆ ಅದೇ ರಾಜಧಾನಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದಾಗ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಉರ್ದು, ಮತ್ತೆ ಊರಿಗೆ ಬಂದು ಕನ್ನಡದ ಹುಡುಗರಿಗೆ ಪಾಠ: ಆ ತಲೆಮಾರಿನ ಮೇಷ್ಟರು ದಿನಾ ಮಾಡುತ್ತಿದ್ದ ಕೆಲಸಕ್ಕೆ ಈಗ ‘ಬಹುಭಾಷಾ ಬೋಧನಾಶಾಸ್ತ್ರ’ ಎಂದು ಮಾಡ್ಯೂಲ್ ಬಂದಿದೆ.

ಇಲ್ಲಿ ಒಂದು ಅಡ್ಡಮಾತು. ಗಡಿಯಾಚೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಮಕ್ತಲ್ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹೈದರಾಬಾದಿನ ಕಾಚಿಗುಡದಲ್ಲೇ ನೃಪತುಂಗನ ಹೆಸರಿನ ಶಾಲೆ ಇದೆ. ತೆಲಂಗಾಣದ ಹತ್ತನೆಯ ತರಗತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಆ ಶಾಲೆಗಳ ಶಿಕ್ಷಕರು ತೆಲುಗಿನವರ ನಡುವೆ ಕೂತು ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡು, ರಾತ್ರಿ ಒಬ್ಬರೇ ಕೂತು ತರ್ಜುಮೆ ಮಾಡಿಕೊಳ್ಳುವವರು. ಮಕ್ಕಳಿಗೆ ಪಠ್ಯ ಕನ್ನಡದಲ್ಲಿ ಸಿಕ್ಕೀತು, ಗುರುಗಳಿಗೆ ತರಬೇತಿ ಕನ್ನಡದಲ್ಲಿ ಸಿಗುವುದು ಕಷ್ಟ. ಕೆಲವೇ ಶಾಲೆಗಳಿಗಾಗಿ ಕನ್ನಡದ ಮಾಡ್ಯೂಲ್ ಯಾರು ಬರೆಸುತ್ತಾರೆ? ರಾಯಚೂರಿನ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕೃಷ್ಣಾ ನದಿಯ ಆಚೆಗೇ ಇದೆ. ಅಲ್ಲಿಗೆ ಇವರನ್ನು ಕಳಿಸಲು ಎರಡು ರಾಜ್ಯಗಳ ನಡುವೆ ಒಂದು ಕಾಗದ ಸಾಕು.

ಚಾಲನೆ

ಮೊದಲು ಪರಿಚಯ. ನಿಮ್ಮ ಹೆಸರು, ಹೆಸರಿನ ಮೊದಲ ಅಕ್ಷರದ ಒಂದು ಹಣ್ಣು, ಆ ಹಣ್ಣಿನ ಹಾಗೆ ಅಭಿನಯ. ಐವತ್ತೈದರ ಪ್ರಾಯದ, ಮನೆಯಲ್ಲಿ ಅಳಿಯ ಇರುವ ಗುರುಗಳು ದ್ರಾಕ್ಷಿಯಾಗಿ ನಿಲ್ಲಬೇಕಾಗುತ್ತದೆ. ನಿಲ್ಲಿ. ಮುಂದೆ ಚಪ್ಪಾಳೆಯ ಬಗೆಗಳು: ಮಳೆ ಚಪ್ಪಾಳೆ, ರೈಲು ಚಪ್ಪಾಳೆ, ಮೌನ ಚಪ್ಪಾಳೆ. ದೇಶದಲ್ಲಿ ಯಾವ ತರಬೇತಿಯೂ ಚಪ್ಪಾಳೆಯಿಲ್ಲದೆ ಶುರುವಾಗುವುದಿಲ್ಲ.

ಸಿಸಿಆರ್‌ಟಿ ತರಬೇತಿಯಲ್ಲಿ ಊರಿನ ಸ್ಮಾರಕಗಳನ್ನೂ ತೋರಿಸುತ್ತಾರೆ. ಗೋಲ್ಕೊಂಡದಲ್ಲಿ ಫತೇ ದರ್ವಾಜಾದ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಎಷ್ಟೋ ಎತ್ತರದ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತದೆ. ಗೈಡ್ ಅದನ್ನು ತೋರಿಸುವಾಗ ಎಲ್ಲ ರಾಜ್ಯಗಳ ಶಿಕ್ಷಕರೂ ಒಟ್ಟಿಗೆ ಉಸಿರು ಬಿಡುತ್ತಾರೆ: ಕೆಳಗಿನವರು ಮಾಡಿದ ಸದ್ದು ಮೇಲಿನವರಿಗೆ ಮುಟ್ಟುವ ಆಡಳಿತ ವ್ಯವಸ್ಥೆಯನ್ನು ಕುತುಬ್‌ಶಾಹಿಗಳು ನಾನ್ನೂರು ವರ್ಷದ ಹಿಂದೆಯೇ ಮಾಡಿದ್ದರಲ್ಲ!

ಇನ್ನು ಗೊಂಬೆ. ಉಪಕರಣದ ಈ ಭಾಗವನ್ನು ಗಮನವಿಟ್ಟು ಬಳಸಿ. ರದ್ದಿ ಕಾಗದವನ್ನು ನೆನೆಸಿ, ಮೈದಾ ಅಂಟಿನಲ್ಲಿ ಕಲಸಿ ತಲೆ ಮಾಡಬೇಕು. ಹಳೇ ಸೀರೆಯ ಅಂಚಿನಿಂದ ಅಂಗಿ. ಕೈಗೆ ತೊಡುವ ಗೊಂಬೆ, ಕೋಲಿನ ಗೊಂಬೆ, ಸೂತ್ರದ ಗೊಂಬೆ, ತೊಗಲುಗೊಂಬೆ ಹೀಗೆ ನಾಲ್ಕು ಜಾತಿ. ನಮ್ಮ ತೊಗಲುಗೊಂಬೆಯಾಟವೂ ತೆಲುಗಿನವರ ತೋಲು ಬೊಮ್ಮಲಾಟವೂ ಹತ್ತಿರದ ನಂಟರೆಂದು ಗೊತ್ತಾಗುವುದು ಇಲ್ಲೇ. ಮೊದಲ ದಿನ ಗೊಂಬೆಯ ಮೂಗು ಬಿದ್ದುಹೋಗುತ್ತದೆ. ಎರಡನೆಯ ದಿನ ಮತ್ತೆ ಬೀಳುತ್ತದೆ. ಮೂರನೆಯ ದಿನಕ್ಕೆ, ವರ್ಷಗಟ್ಟಲೆ ‘ಯಾಕೋ, ಇಷ್ಟು ಹೇಳಿದ್ರೂ ಬರಲ್ವಾ?’ ಎಂದು ಮಕ್ಕಳನ್ನು ಗದರಿದ ಶಿಕ್ಷಕರು ಮೂಗನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತ ಕೂರುತ್ತಾರೆ. ಕೈಗೆ ಬರದ ಕೆಲಸ ಎಂದರೆ ಏನೆಂದು ಒಂದನೇ ತರಗತಿಯ ಹುಡುಗನಿಗೆ ಗೊತ್ತು. ಅವರಿಗೆ ಅದು ಮರೆತು ಎಷ್ಟು ಕಾಲವಾಗಿರುತ್ತದೋ. ನನ್ನ ಲೆಕ್ಕದಲ್ಲಿ ಇಡೀ ತರಬೇತಿಯ ಬೆಲೆ ಈ ಬಿದ್ದ ಮೂಗಿನಲ್ಲೇ ಇದೆ. ಇದಕ್ಕೆ ಅಂಕ ಕೊಡುವ ಕಾಲಂ ಯಾವ ಫೀಡ್‌ಬ್ಯಾಕ್ ಫಾರ್ಮಿನಲ್ಲೂ ಕಾಣೆ.

ಒಂದು ಸಂಜೆ ರಾಜ್ಯಗಳ ಸಾಂಸ್ಕೃತಿಕ ಪ್ರದರ್ಶನ. ಕರ್ನಾಟಕದ ತಂಡದಲ್ಲಿ ಏನು ಮಾಡಬೇಕೆಂಬ ಚರ್ಚೆ ಆದೇಶ ಬಂದ ದಿನವೇ ಶುರುವಾಗಿರುತ್ತದೆ. ದಕ್ಷಿಣದವರು ಕಂಸಾಳೆ ಎನ್ನುತ್ತಾರೆ, ಯಾರ ಹತ್ತಿರವೂ ತಾಳವಿಲ್ಲ. ಕರಾವಳಿಯವರು ಯಕ್ಷಗಾನ ಎನ್ನುತ್ತಾರೆ, ವೇಷ ಬಾಡಿಗೆಗೆ ತರಲು ಟಿ.ಎ. ಇಲ್ಲ. ಉತ್ತರದವರು ಡೊಳ್ಳು ಎನ್ನುತ್ತಾರೆ, ಡೊಳ್ಳು ಬಸ್ಸಿನಲ್ಲಿ ಬಂದಿಲ್ಲ. ಕೊನೆಗೆ ಎಲ್ಲರಿಗೂ ಬರುವ, ಎರಡು ಕೋಲಿನಲ್ಲಿ ಮುಗಿಯುವ ಕೋಲಾಟ.

ಆಮೇಲೆ ರಾತ್ರಿ. ಹಾಸ್ಟೆಲಿನ ಮೆಟ್ಟಿಲ ಮೇಲೆ ಚಹಾ, ಉಸ್ಮಾನಿಯಾ ಬಿಸ್ಕತ್ತು. ಅಸ್ಸಾಮಿನ ಶಿಕ್ಷಕಿ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಹೇಗೆ ಕೂರಿಸುತ್ತೇನೆಂದು ಬೆರಳಿನಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಾಳೆ. ಒಡಿಶಾದವನು ಸಂತಾಲಿ ಮಾತಾಡುವ ಮಕ್ಕಳಿಗೆ ಒಡಿಯಾ ಅಕ್ಷರ ಹೇಗೆ ಹತ್ತಿಸಿದೆನೆಂದು ಹೇಳುತ್ತಾನೆ. ನೀವು ಲಂಬಾಣಿ ತಾಂಡಾದ ಮಕ್ಕಳ ಮಾತು ತೆಗೆಯುತ್ತೀರಿ. ಹಗಲಿನ ಆರು ಗಂಟೆ ಕಾರ್ಯಸೂಚಿಯಲ್ಲಿದೆ. ಈ ಎರಡು ಗಂಟೆ ಎಲ್ಲಿಯೂ ಇಲ್ಲ. ವೇಳಾಪಟ್ಟಿ ಮಾಡುವವರು ಇದನ್ನು ತಿಳಿದು ಹಗಲಿಗೂ ಒಂದಿಷ್ಟು ಚಹಾ ಹಾಕಿದರೆ ಉಪಕರಣದ ಸಾಮರ್ಥ್ಯ ಹೆಚ್ಚುತ್ತದೆ.

ಆನ್‌ಲೈನ್ ಮಾದರಿ

ಊರಿನಿಂದ ಕದಲಲಾರದವರಿಗೆ ಮೊಬೈಲ್ ಮಾದರಿ ಲಭ್ಯ. ಕೇಂದ್ರ ಸರ್ಕಾರದ ನಿಷ್ಠಾ ಕಾರ್ಯಕ್ರಮ 2019ರ ಆಗಸ್ಟ್‌ನಲ್ಲಿ ಸುಮಾರು 42 ಲಕ್ಷ ಜನರನ್ನು ಮುಖಾಮುಖಿ ಕೂರಿಸುವ ಗುರಿಯೊಂದಿಗೆ ಶುರುವಾಯಿತು. ಮರುವರ್ಷವೇ ಕೊರೊನಾ ಬಂದು ಎಲ್ಲ ದೀಕ್ಷಾ ಆ್ಯಪಿನೊಳಗೆ ಹೋಯಿತು: 18 ಮಾಡ್ಯೂಲ್. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಯಬೇಕೆಂದಿತು.

ಬಳಸುವ ವಿಧಾನ: ವಿಡಿಯೊ ಹಚ್ಚಿ, ಮೊಬೈಲನ್ನು ಒಲೆಯಿಂದ ದೂರ, ಮಸಾಲೆ ಡಬ್ಬಿಗೆ ಆನಿಸಿ ನಿಲ್ಲಿಸಿ. ರೊಟ್ಟಿ ಬಡಿಯುವ ಸದ್ದಿನಲ್ಲಿ ಸಂಪನ್ಮೂಲ ವ್ಯಕ್ತಿಯ ಮಾತು ಕೇಳದಿದ್ದರೂ ಪರವಾಗಿಲ್ಲ, ಆ್ಯಪ್ ನೋಡುವುದು ವಿಡಿಯೊ ಓಡಿತೇ ಎಂದಷ್ಟೇ. ಕೊನೆಯ ಪ್ರಶ್ನೆಗಳಿಗೆ ನೂರಕ್ಕೆ 70 ಬರಬೇಕು. ಉತ್ತರಗಳು ಕ್ಲಸ್ಟರ್ ಗುಂಪಿಗೆ ಬೆಳಗ್ಗೆಯೇ ಬಂದಿರುತ್ತವೆ, ಕೆಳಗೆ ‘ದಯವಿಟ್ಟು ಎಲ್ಲರೂ ಇಂದೇ ಮುಗಿಸಿ, ತಾಲ್ಲೂಕು ಹಿಂದೆ ಬಿದ್ದಿದೆ’ ಎಂಬ ಒಕ್ಕಣೆಯೊಂದಿಗೆ. ಶಿಕ್ಷಕರು ಕಳ್ಳರೆಂದು ಇದನ್ನು ಹೇಳುತ್ತಿಲ್ಲ. ಶೇಕಡಾವಾರು ಕೇಳಿದವರಿಗೆ ಶೇಕಡಾವಾರು ಕೊಟ್ಟಿದ್ದಾರೆ, ಅಷ್ಟೇ. ಕಲಿತಿರಾ ಎಂದು ಯಾರಾದರೂ ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು.

ದೋಷಗಳು ಮತ್ತು ಪರಿಹಾರ

ಊರಿಗೆ ಬಂದ ಮೇಲೆ ಉಪಕರಣ ಚಾಲೂ ಆಗದಿದ್ದರೆ: ಸಾಮಾನ್ಯ. ಗೊಂಬೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆಯೇ ನೋಡಿ. ಕೀಲಿ ಮುಖ್ಯಗುರುಗಳ ಬಳಿ, ಮುಖ್ಯಗುರುಗಳು ಸಭೆಯಲ್ಲಿ.

ಉಪಕರಣ ತೆಳುವಾಗಿ ಓಡುತ್ತಿದ್ದರೆ: ಅದು ನಿಮಗೆ ನೇರವಾಗಿ ಬಂದದ್ದೇ ಅಥವಾ ಮೇಲಿನಿಂದ ಇಳಿದು ಬಂದದ್ದೇ ಪರೀಕ್ಷಿಸಿ. ರಾಜ್ಯದಲ್ಲಿ ಕೆಲವರು ಐದು ದಿನ ಕಲಿತು, ಜಿಲ್ಲೆಯಲ್ಲಿ ಮಾಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ ಮೂರು ದಿನ ಹೇಳಿ, ಅವರು ತಾಲ್ಲೂಕಿನಲ್ಲಿ ಎರಡು ದಿನ ಹೇಳಿ, ಕ್ಲಸ್ಟರ್‌ನಲ್ಲಿ ಅರ್ಧ ದಿನ ಉಳಿಯುತ್ತದೆ. ಬಿಸಿಯೂಟಕ್ಕೆ ಎಣಿಕೆಗಿಂತ ಹೆಚ್ಚು ಮಕ್ಕಳು ಬಂದಾಗ ಸಾಂಬಾರಿಗೆ ಚೊಂಬು ನೀರು ಸೇರಿಸುತ್ತಾರಲ್ಲ, ಹಾಗೆ. ಎಲ್ಲರ ತಟ್ಟೆಗೂ ಬೀಳುತ್ತದೆ, ಬೇಳೆ ಯಾರ ತಟ್ಟೆಯಲ್ಲೂ ಇರುವುದಿಲ್ಲ.

ಒಂದು ತರಬೇತಿ ಇನ್ನೊಂದನ್ನು ಅಳಿಸುತ್ತಿದ್ದರೆ: ಇದು ದೋಷವಲ್ಲ, ವಿನ್ಯಾಸ. ಚೈತನ್ಯ, ಗುರುಚೇತನ, ಕಲಿಕಾ ಚೇತರಿಕೆ, ಕಲಿಕಾ ಬಲವರ್ಧನೆ. ಅಧಿಕಾರಿ ಬದಲಾದಂತೆ ಹೆಸರು ಬದಲಾಗುತ್ತದೆ. ಶಾಲೆಯ ಗೋಡೆ ಮೇಲಿನ ಚಾರ್ಟುಗಳನ್ನು ಒಂದೊಂದಾಗಿ ಕಿತ್ತರೆ ಇಲಾಖೆಯ ಇತಿಹಾಸ ಸಿಗುತ್ತದೆ.

ಒಮ್ಮೆ ಸರಿಯಾಗಿ ಓಡಿದ ಉಪಕರಣ

ನಂಬಿಕೆ ಪೂರ್ತಿ ಹೋಗದಿರಲೆಂದು ಒಂದು ದಾಖಲೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆಗೆ ಹೋಯಿತು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ, ಏಣಿ ಹತ್ತಿದ ಹಾಗೆ ಕಲಿಯುವುದನ್ನು ಕಂಡರು. ಅಲ್ಲಿಗೆ ಬಿಟ್ಟಿದ್ದರೆ ಅದೂ ಒಂದು ಪ್ರವಾಸ ಭತ್ಯೆಯ ಬಿಲ್ಲಾಗುತ್ತಿತ್ತು. ಆದರೆ ಇವರು ಊರಿಗೆ ಬಂದು ಆ ಕಾರ್ಡುಗಳನ್ನು ನಕಲು ಮಾಡಲಿಲ್ಲ. ತಮ್ಮ ಮಕ್ಕಳ ಹಾಡು, ತಮ್ಮ ಊರಿನ ಗಿಡಮರ, ತಮ್ಮ ಕನ್ನಡ ಹಾಕಿ ತಾವೇ ಬರೆದರು, ತಾವೇ ಚಿತ್ರ ಬಿಡಿಸಿದರು, ತರಗತಿಯಲ್ಲಿ ಕೆಟ್ಟದ್ದನ್ನು ಕಿತ್ತುಹಾಕಿ ಮತ್ತೆ ಬರೆದರು. ಅದೇ ನಲಿ-ಕಲಿ. ತಿದ್ದುವ ಹಕ್ಕು ಶಿಕ್ಷಕರ ಕೈಯಲ್ಲಿತ್ತು, ತಿದ್ದಲು ಕಾಲವೂ ಇತ್ತು. 2009-10ರಲ್ಲಿ ಇಡೀ ರಾಜ್ಯಕ್ಕೆ ಹಬ್ಬಿದಾಗ ಕಾರ್ಡು ಅಚ್ಚಾಗಿ, ಪೆಟ್ಟಿಗೆಯಲ್ಲಿ, ಸುತ್ತೋಲೆಯ ಜೊತೆ ಬಂತು. ಅದನ್ನು ಬರೆದವರಿಗೆ ಅದು ತರಬೇತಿಯಾಗಿತ್ತು, ಪಡೆದವರಿಗೆ ಸರಬರಾಜು. ಹೊರನೋಟಕ್ಕೆ ಕಾರ್ಡು ಒಂದೇ. ಕೆಲಸ ಮಾಡಿದ ರೀತಿ ಬೇರೆ.

ಮಾದಾಪುರದಲ್ಲಿ ಗೊಂಬೆಯ ಮೂಗು ತಾವೇ ಅಂಟಿಸಿದ ಶಿಕ್ಷಕಿಗೂ ಎಚ್.ಡಿ. ಕೋಟೆಯ ಆ ಮೇಷ್ಟರಿಗೂ ನಡುವೆ ದೂರ ಬಹಳವಿಲ್ಲ. ಇಬ್ಬರೂ ಮಾಡಿದ್ದಾರೆ, ಕೆಡಿಸಿದ್ದಾರೆ, ಮತ್ತೆ ಮಾಡಿದ್ದಾರೆ. ಮೇಷ್ಟರಿಗೆ ಊರಲ್ಲೂ ಮುಂದುವರಿಸಲು ಬಿಟ್ಟರು, ಶಿಕ್ಷಕಿಯನ್ನು ಪ್ರಮಾಣಪತ್ರದ ಜೊತೆ ಕೈಬಿಟ್ಟರು.

ವಾರಂಟಿ

ಇಲ್ಲ. ನೀವು ಇಪ್ಪತ್ತು ವರ್ಷ ಪಾಠ ಮಾಡಿ, ಫೈಲು ತುಂಬ ಪ್ರಮಾಣಪತ್ರ ಇಟ್ಟಿದ್ದರೂ ಉಪಕರಣದ ತಯಾರಕರು ಹೊಣೆಯಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದ ಶಿಕ್ಷಕರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಐದಕ್ಕಿಂತ ಕಡಿಮೆ ಉಳಿದವರಿಗೆ ವಿನಾಯಿತಿ ಇದೆ, ಬಡ್ತಿ ಬೇಕೆಂದರೆ ಅವರೂ ಬರೆಯಬೇಕು. ಹೀಗಾಗಿ ಗೊಂಬೆ ಮಾಡಲು ಹೈದರಾಬಾದಿಗೆ ಹೋದ ಗುರುಗಳು ವಾಪಸು ಬರುವಾಗ ಟಿಇಟಿ ಗೈಡ್ ಒಂದನ್ನೂ ಬ್ಯಾಗಿಗೆ ಹಾಕಿಕೊಳ್ಳುವುದು ಒಳಿತು. ಮಗಳು ನೀಟ್‌ಗೆ ಓದುವ ಮೇಜಿನ ಇನ್ನೊಂದು ಬದಿಯಲ್ಲಿ ಕೂತು ಪಿಯಾಜೆಯ ಹಂತಗಳನ್ನು ಬಾಯಿಪಾಠ ಮಾಡಬಹುದು.

ಗ್ರಾಹಕ ಸೇವೆ

ಈ ಪುಟ ಮುಖ್ಯಗುರುಗಳಿಗೆ. ತರಬೇತಿ ಮುಗಿಸಿ ಬಂದವರಿಂದ ಹಾಜರಿ ಪ್ರಮಾಣಪತ್ರ ಇಸಿದುಕೊಂಡು ಓಓಡಿ ಮಂಜೂರು ಮಾಡುವುದು ನಿಮ್ಮ ಕರ್ತವ್ಯ, ಮಾಡಿ. ಜೊತೆಗೆ ಮೂರು ಸಣ್ಣ ಕೆಲಸ. ಆ ವಾರವೇ ಅವರಿಗೆ ಸ್ಯಾಟ್ಸ್ ಎಂಟ್ರಿ ಹಚ್ಚಬೇಡಿ. ತಿಂಗಳ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದನ್ನು ಕೊನೆಗಿಟ್ಟು, ಮೊದಲ ಒಂದು ಗಂಟೆ ಅವರಿಗೆ ಕೊಡಿ. ಸುತ್ತಲ ಶಾಲೆಯವರು ಕತ್ತರಿ ಅಂಟು ಹಿಡಿದು ಕೂರಲಿ, ಅವರ ಗೊಂಬೆಗಳ ಮೂಗೂ ಬೀಳಲಿ. ಮತ್ತು ಸರ್, ಆ ಬೀರುವಿನ ಕೀಲಿ ಅವರ ಹತ್ತಿರವೇ ಇರಲಿ ಬಿಡಿ.